ತಡಸದ ಹೊಲದಾಗ ಬಿಚ್ಚಿದ ಬುತ್ತಿ

ಆಗ ನಾನು ಸೈಕಲ್ ಮೇಲೆ ಊರೂರು ತಿರುಗಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದೆ. ಶೀಗಿ ಹುಣ್ಣಿಮೆಯ ದಿನ ಹುಬ್ಬಳ್ಳಿ ಗಿರಣಿಯ ಭೋಂಗಾದ ಕೂಗು ಬೆನ್ನ ಹಿಂದೆ ಕರಗಿ, ತಡಸದ ಹತ್ತಿರ ಜೋಳದ ಮೇಲಿನ ಗಾಳಿಯ ಸಪ್ಪಳವಷ್ಟೇ ಉಳಿಯಿತು. ಬೇವಿನ ನೆರಳಲ್ಲಿ ಕೂತು, ಹೆಂಡತಿ ನಸುಕಿನಲ್ಲಿ ಅರೆಗಣ್ಣಲ್ಲೇ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆ.

ಭೂಮಿತಾಯಿಗೆ ಉಣಿಸುವ ಚರಗದ ಬುಟ್ಟಿ ಹೊತ್ತು ಹೊಲದ ಅಜ್ಜಿ ಬಂದಳು.

"ಇವತ್ತ ಒಬ್ಬರ ಉಣಬಾರದ್ರಿ ಯಪ್ಪಾ, ನಮ್ಮ ಜೋಡಿ ಬರ್ರಿ."

ಬರಿಗೈಲಿ ಹೇಗೆ ಹೋಗುವುದು? "ಇದನ್ನೂ ಸೇರಿಸ್ಕೊಳ್ರಿ" ಎಂದು ಬುತ್ತಿ ಚಾಚಿದೆ.

ಅಜ್ಜಿಯ ಕಣ್ಣು ತುಂಬಿದವು. "ಪರವೂರಿನವರು ನಮ್ಮ ಹೊಲಕ್ಕ ಚರಗ ತಂದೀರಿ!" ಎನ್ನುತ್ತ ನನ್ನ ರೊಟ್ಟಿ, ಎಣ್ಣಿಗಾಯಿ ಎಲ್ಲವನ್ನೂ ಜೋಳದ ಸಾಲಿಗೆ ಚೆಲ್ಲಿಬಂದಳು. ಆಮೇಲೆ ನನಗೆ ಹೊಟ್ಟೆ ಬಿರಿಯುವಷ್ಟು ಕಡುಬು ಬಡಿಸಿದಳು.

ಸಂಜೆ ಹೆಂಡತಿ ಕೇಳಿದಳು: "ಎಣ್ಣಿಗಾಯಿ ಹೆಂಗಾಗಿತ್ರಿ?"

"ಒಂದ ಚೂರೂ ಉಳಿಲಿಲ್ಲ" ಅಂದೆ.

ಹಿಗ್ಗಿ, ಮರುದಿನ ಎರಡರಷ್ಟು ಕಟ್ಟಿದಳು.