ಕನ್ನಡಿಯಣ್ಣ ಬೀದಿ ದಾಟಿಸಿದ ಚಂದ್ರ

ನಮ್ಮ ಬೀದಿಯ ಕನ್ನಡಿಯಣ್ಣ ಕನ್ನಡಿ ಕತ್ತರಿಸಿ ಮಾರುವವನು. ಹಗಲೆಲ್ಲ ಕನ್ನಡಿಗಳ ನಡುವೆಯೇ ಇದ್ದರೂ ತಲೆ ಬಾಚಿಕೊಳ್ಳುವುದನ್ನು ಮರೆಯುತ್ತಾನೆ. ಅವನ ಕಣ್ಣೆಲ್ಲ ಗಾಜಿನ ಅಂಚಿನ ಮೇಲೆ. ನಡುವೆ ಕಾಣುವ ಮುಖ ಗಿರಾಕಿಯ ಸೊತ್ತು.

ಅವನ ಹೆಂಡತಿ ಕಾಲು ಮುರಿದುಕೊಂಡು ಮಲಗಿದ್ದಳು. ಆ ಸಂಜೆ ಚಂದ್ರಗ್ರಹಣ; ನೋಡಲೇಬೇಕೆಂದು ಅವಳ ಆಸೆ. ಚಂದ್ರ ಏಳುವುದು ಮೂಡಣದಲ್ಲಿ, ಮಂಚದ ಪಕ್ಕದ ಕಿಟಕಿಯೋ ಪಡುವಣಕ್ಕೆ. ಅದರಿಂದ ಕಾಣುವುದು ಎದುರುಮನೆಯ ನನ್ನ ಬಾಲ್ಕನಿ, ಅಲ್ಲಿ ಒಣಗುವ ನನ್ನ ಬನಿಯನ್ನು, ಅಷ್ಟೆ.

"ತೋರಿಸ್ತೀನಿ ಅಂತ ಮಾತು ಕೊಟ್ಬಿಟ್ಟಿದ್ದೀನಿ ಮೇಷ್ಟ್ರೇ. ಮೊದಲು ಗ್ರಹಣ ಅಂದ್ರೇನು ಹೇಳಿ. ಅವಳು ಕೇಳಿದಾಗ ಪಿಳಿಪಿಳಿ ಕಣ್ಣು ಬಿಡೋ ಹಾಗಾಗಬಾರದು" ಎಂದು ಅಂಗಡಿಗೆ ಹೋದ ನನಗೆ ಅಂದ.

ನಾನು ಇತಿಹಾಸದ ಮೇಷ್ಟ್ರು. ಹಾಗಂತ ಸುಮ್ಮನಿರುವ ಜಾಯಮಾನ ನನ್ನದಲ್ಲ. ಅಂಗಡಿಯ ಬಲ್ಬೇ ಸೂರ್ಯ, ನನ್ನ ತಲೆ ಭೂಮಿ, ಬೀದಿಯ ಹುಡುಗರಿಂದ ಇಸಿದುಕೊಂಡ ಬಿಳಿ ಚೆಂಡು ಚಂದ್ರ ಎಂದು ಸಾರಿದೆ. "ಭೂಮಿ ನಡುವೆ ಬಂತು. ನೋಡು, ಚೆಂಡಿನ ಮೇಲೆ ನೆರಳು!"

"ಎಲ್ಲಿ? ಫಳಫಳ ಅಂತಿದೆ."

ನಿಜ. ಬಲ್ಬಿಗೆ ನನ್ನ ತಲೆ ಅಡ್ಡವಾದರೂ ಗೋಡೆಗೆ ಒರಗಿಸಿದ ಕನ್ನಡಿಗಳೆಲ್ಲ ಪಕ್ಕದಿಂದ ಬೆಳಕು ಚೆಲ್ಲುತ್ತಿದ್ದವು. ಬಗ್ಗಿದೆ, ಕುಣಿದೆ, ಗ್ರಹಣ ಹಿಡಿಯಲಿಲ್ಲ.

"ನಿಮ್ಮ ಭೂಮಿ ಸಣ್ಣದಾಯ್ತೇನೋ" ಎಂದು ಸಮಾಧಾನ ಹೇಳಿದವನು, ಅಂಗಡಿ ಮುಚ್ಚುವ ಮುಂಚೆ ದಿನಾ ಮಾಡುವಂತೆ ಕನ್ನಡಿಗಳನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸತೊಡಗಿದ. ಕೊನೆಯದು ತಿರುಗಿದ್ದೇ ತಡ, ಚೆಂಡು ಕಪ್ಪಾಯಿತು.

"ಓಹೋ, ಇಷ್ಟೇನಾ!" ಅಂದವನೇ ದೊಡ್ಡ ಕನ್ನಡಿಯೊಂದನ್ನು ಹೆಗಲಿಗೇರಿಸಿದ. "ನಡೀರಿ, ನಿಮ್ಮ ಬಾಲ್ಕನಿಗೆ."

ಚಂದ್ರ ಅವರ ಮಾಳಿಗೆ ದಾಟಿ ಮೇಲೆ ಬರುವ ಹೊತ್ತಿಗೆ ಒಂದು ಅಂಚು ಮಾಸಿತ್ತು. ಬಾಲ್ಕನಿಯ ಕಂಬಿಗೆ ಕನ್ನಡಿ ಆನಿಸಿ ಹಿಡಿಯುವ ಕೆಲಸ ನನ್ನದು. ಅವನು ಹೆಂಡತಿಯ ಪಕ್ಕ ನಿಂತು ಕೂಗುತ್ತಿದ್ದ: "ಸ್ವಲ್ಪ ಬಗ್ಗಿಸಿ! ಎಡಕ್ಕೆ!"

ನನಗೂ ಆಸೆ, ಕನ್ನಡಿಯ ಮುಂದಕ್ಕೆ ತಲೆ ಚಾಚಿ ಇಣುಕಿದೆ.

"ಮೇಷ್ಟ್ರೇ, ತಲೆ ತೆಗೀರಿ!"

"ಭೂಮಿಗೆ ಬೈಬೇಡಿ, ಪಾಪ" ಎಂದು ಅವಳು ನಕ್ಕದ್ದು ಕೇಳಿಸಿತು. ಅಂಗಡಿಯ ಕುಣಿತದ ಸುದ್ದಿ ಆಗಲೇ ಮುಟ್ಟಿತ್ತು.

ತಲೆ ತೆಗೆದೆ. ಅವನು ಹೇಳಿದಂತೆ ಕನ್ನಡಿ ಬಗ್ಗಿಸುತ್ತ, ತಿರುಗಿಸುತ್ತ ಗಂಟೆಯಾಗುತ್ತ ಬಂತು. ಆಮೇಲೆ ಅವಳೇ ಕೇಳಿದಳು: "ನೆರಳಂದ್ರೆ ಕಪ್ಪಿರಬೇಕಲ್ವಾ? ಇದು ಕೆಂಪಾಗ್ತಿದೆ."

"ಭೂಮಿ ಸುತ್ತ ಇರೋ ಗಾಳಿ ತೂರಿ, ಬಾಗಿ ಬರೋ ಬೆಳಕು ಅದು, ಅಕ್ಕಾ! ಸಂಜೆ ಆಕಾಶ ಕೆಂಪಗಿರುತ್ತಲ್ಲ, ಅದೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

"ಹಾಗಾದ್ರೆ ಅಲ್ಲಿ ಬಿದ್ದಿರೋ ನೆರಳಲ್ಲಿ ನನ್ನ ಮಂಚಾನೂ ಸೇರಿದೆ ಅನ್ನಿ. ಕಾಲು ಮುರಿದ್ರೂ ಅಷ್ಟು ದೂರ ಹೋಗ್ಬಂದೆ."

"ಸೇರಿದೆಯಕ್ಕಾ" ಅಂದೆ. ತೋಳು ಸೋತು ನಡುಗುತ್ತಿತ್ತು. ನನ್ನ ಪಾಲಿಗೆ ಕಂಡದ್ದು ಕನ್ನಡಿಯ ಕಂದು ಬೆನ್ನು ಮಾತ್ರ.

"ಅಲ್ಲಾಡಬೇಡಿ ಮೇಷ್ಟ್ರೇ" ಎಂದು ಕನ್ನಡಿಯಣ್ಣ ಮೆಲ್ಲಗೆ ಅಂದ. "ಇವಳಿನ್ನೂ ನೋಡ್ತಿದ್ದಾಳೆ."