ಗುಡ್ಡ ಇಳಿದ ಮೇಲೆ

ಮೊದಲ ಲಕ್ಷಣವನ್ನು ನಾನು ನೋಡಲಿಲ್ಲ. ಅವರು ನೋಡಿದ್ದರು.

ಓಟದ ಮೂರನೇ ಸಂಜೆ. ಹಿಮಾಲಯದ ಒಂದು ಕಣಿವೆಯಲ್ಲಿ ನಮ್ಮ ಟೆಂಟುಗಳಿದ್ದವು. ನನ್ನ ಗಂಡ ಶಿವಾನಂದ ತಗಡಿನ ಶೌಚಾಲಯದಿಂದ ಹೊರಬಂದು, ಕೈ ತೊಳೆದುಕೊಂಡು, ನನ್ನ ಪಕ್ಕ ಕುಳಿತು ಸೂಪು ಕುಡಿದರು. ಒಳಗೆ ಅವರ ಮೂತ್ರ ಕರಿ ಚಹಾದ ಬಣ್ಣದಲ್ಲಿ ಬಂದಿತ್ತು. ಅದನ್ನು ಕಣ್ಣಾರೆ ನೋಡಿ ಬಂದ ಮನುಷ್ಯ ನನಗೆ ಹೇಳಿದ್ದು ಸೂಪಿಗೆ ಉಪ್ಪು ಕಡಿಮೆಯಾಗಿದೆ ಎಂದು. ಬಣ್ಣದ ವಿಷಯ ನನಗೆ ತಿಳಿದದ್ದು ಆಮೇಲೆ, ಆಸ್ಪತ್ರೆಯಲ್ಲಿ, ಡಾಕ್ಟರು ಕೇಳಿದಾಗ.

ಈಗ ಒಂದು ವರ್ಷವಾಗುತ್ತ ಬಂತು. ಆ ಸೂಪಿನ ಮಾತು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ನಾವು ಧಾರವಾಡದ ಮಾಳಮಡ್ಡಿಯವರು. ನಾನು ಕಾಲೇಜೊಂದರಲ್ಲಿ ಲೈಬ್ರರಿಯನ್. ಅವರದು ಹುಬ್ಬಳ್ಳಿಯಲ್ಲಿ ನೀರಿನ ಪಂಪು, ಅದರ ಬಿಡಿಭಾಗ ಮಾರುವ ಅಂಗಡಿ. ಓಡುವ ಹುಚ್ಚು ಮೊದಲು ಹಿಡಿದದ್ದು ನನಗೆ, ಅದೂ ನಲವತ್ತು ದಾಟಿದ ಮೇಲೆ. ತೂಕ ಇಳಿಸಲೆಂದು ಯೂನಿವರ್ಸಿಟಿ ಕ್ಯಾಂಪಸ್ಸಿನ ರಸ್ತೆಯಲ್ಲಿ ನಡೆಯಲು ಶುರು ಮಾಡಿದೆ. ನಡಿಗೆ ಓಟವಾಯಿತು. ನಸುಕಿನಲ್ಲಿ ನಾಯಿಗಳು ಬೆನ್ನು ಹತ್ತುತ್ತವೆ ಎಂದು ಅವರು ಕೈಯಲ್ಲೊಂದು ಕೋಲು ಹಿಡಿದು ನನ್ನ ಹಿಂದೆ ಬರತೊಡಗಿದರು. ಕೋಲು ಹಿಡಿದು ಬಂದವರು ಒಂದು ದಿನ ಕೋಲು ಬಿಟ್ಟು, ಬೂಟು ಕೊಂಡು, ನನಗಿಂತ ಮುಂದೆ ಓಡಿದರು. ಆಮೇಲೆ ಇಬ್ಬರಿಗೂ ಭಾನುವಾರ ಎಂದರೆ ನೃಪತುಂಗ ಬೆಟ್ಟ. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಮನೆಗೆ ಬಂದರೆ ಅತ್ತೆಯವರು ಬಾಗಿಲಲ್ಲೇ ಕೇಳುತ್ತಿದ್ದರು:

"ಯಾರರ ಬೆನ್ನ ಹತ್ತಿದ್ರೇನವಾ? ಹಂಗ ಬೆವತು ಬಂದೀರಿ."

ಹಿಮಾಲಯದ ಓಟ ನನ್ನ ಆಸೆ. ಐದು ದಿನ, ಬೆಟ್ಟಗಳ ನಡುವೆ, ದಿನಕ್ಕೆ ಹೆಚ್ಚು ಕಡಿಮೆ ಒಂದು ಮ್ಯಾರಥಾನಿನಷ್ಟು ದೂರ. ಒಂಟಿಯಾಗಿ ಓಡುವವರದು ಒಂದು ವಿಭಾಗ, ಜೋಡಿಯಾಗಿ ಓಡುವವರದು ಇನ್ನೊಂದು. ಒಂಟಿಯಾಗಿ ಓಡಲು ನನಗೆ ಧೈರ್ಯವಿರಲಿಲ್ಲ. "ಅದಕ್ಯಾಕ ಇಷ್ಟು ವಿಚಾರ ಮಾಡ್ತಿ? ಜೋಡಿಲೇ ಹೋಗೂಣು," ಎಂದರು. ಜೋಡಿಗೆ ಒಂದೇ ನಿಯಮ. ಪ್ರತಿ ಚೆಕ್‌ಪಾಯಿಂಟನ್ನು ಇಬ್ಬರೂ ಒಟ್ಟಿಗೆ ದಾಟಬೇಕು. ಒಬ್ಬರು ನಿಂತರೆ ಇನ್ನೊಬ್ಬರದೂ ಮುಗಿಯಿತು. ಆ ನಿಯಮ ಓದಿದಾಗ ನನಗೆ ಭಾರಿ ಛಂದ ಅನಿಸಿತ್ತು. ಮದುವೆಯ ಹಾಗೇ ಇದೆಯಲ್ಲ ಎಂದು ನಕ್ಕಿದ್ದೆವು.

ನಾಲ್ಕನೇ ದಿನ ಅವರು ನಿಧಾನವಾದರು. ಇಳಿಜಾರಿನಲ್ಲಿ ಮೊಳಕಾಲು ಹಿಡಿದುಕೊಳ್ಳುತ್ತಿದ್ದರು. ತೊಡೆಗಳು ಕಲ್ಲಾಗಿದ್ದವು. ಸೊಂಟದ ಚೀಲದಿಂದ ಗುಳಿಗೆ ತೆಗೆದು ನುಂಗುವುದನ್ನು ನಾನು ನೋಡಿದೆ, ಏನೂ ಅನ್ನಲಿಲ್ಲ. ನಮ್ಮ ಓಟಗಾರರಲ್ಲಿ ನೋವಿನ ಗುಳಿಗೆ ಎಂದರೆ ಪೆಪ್ಪರ್‌ಮಿಂಟ್ ಇದ್ದ ಹಾಗೆ. ಒಬ್ಬರ ಚೀಲದಲ್ಲಿ ಖಾಲಿಯಾದರೆ ಇನ್ನೊಬ್ಬರು ಕೊಡುತ್ತಾರೆ. ಅದನ್ನು ಯಾರೂ ಔಷಧ ಎಂದು ತಿಳಿಯುವುದೇ ಇಲ್ಲ. ಮಧ್ಯಾಹ್ನ ಒಮ್ಮೆ ವಾಂತಿ ಮಾಡಿಕೊಂಡರು. ಎತ್ತರದ ಜಾಗ, ಆಗುತ್ತದೆ ಎಂದರು. ಸಂಜೆ ಕ್ಯಾಂಪಿನ ಡಾಕ್ಟರು ಪ್ರತಿಯೊಬ್ಬರನ್ನೂ ಕೇಳುತ್ತ ಬಂದರು: ತಲೆನೋವು? ವಾಂತಿ? ಮೂತ್ರದ ಬಣ್ಣ ಹೇಗಿದೆ?

"ಫಸ್ಟ್ ಕ್ಲಾಸ್," ಎಂದರು ನನ್ನ ಗಂಡ.

ನಾನು ಪಕ್ಕದಲ್ಲೇ ಇದ್ದೆ.

ಐದನೇ ದಿನ ನಾವು ಒಟ್ಟಿಗೆ ಗೆರೆ ದಾಟಿದೆವು. ಕೈ ಹಿಡಿದುಕೊಂಡೇ ದಾಟಿದೆವು. ಕೊರಳಿಗೆ ಮೆಡಲ್ ಹಾಕಿದರು. ಫೋಟೋದಲ್ಲಿ ಅವರ ಮುಖ ಊದಿರುವುದು ಈಗ ಕಾಣುತ್ತದೆ. ಆವತ್ತು ನನಗೆ ಕಂಡದ್ದು ನಗು ಮಾತ್ರ. ಫೋಟೋ ತೆಗೆದ ಮೇಲೆ ಅವರು ಕಲ್ಲಿನ ಕಟ್ಟೆಯ ಮೇಲೆ ಕುಳಿತರು. ಏಳಲಿಲ್ಲ.

ಜೀಪಿನಲ್ಲಿ ಕೆಳಗಿನ ಪಟ್ಟಣಕ್ಕೆ ತಂದರು. ದಾರಿಯುದ್ದಕ್ಕೂ ತಿರುವುಗಳು. ಅವರ ತಲೆ ನನ್ನ ತೊಡೆಯ ಮೇಲಿತ್ತು. ಬ್ಲಡ್ ಟೆಸ್ಟ್ ಮಾಡಿದ ಡಾಕ್ಟರು, ವಯಸ್ಸಿನಲ್ಲಿ ಚಿಕ್ಕವರು, ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಸ್ನಾಯುಗಳು ಒಡೆದು ರಕ್ತದಲ್ಲಿ ಕರಗುತ್ತಿವೆ. ಅದಕ್ಕೆ ರ್‍ಯಾಬ್ಡೊ ಎನ್ನುತ್ತಾರೆ. ಕರಗಿದ್ದೆಲ್ಲ ಕಿಡ್ನಿಯಲ್ಲಿ ಹೋಗಿ ಕಟ್ಟಿಕೊಂಡಿದೆ. ಅದರ ಮೇಲೆ ನೀರಿನ ಕೊರತೆ, ಅದರ ಮೇಲೆ ಪೇನ್‌ಕಿಲ್ಲರ್. ಪೊಟ್ಯಾಶಿಯಂ ಏರಿದೆ, ಹೃದಯ ನಿಲ್ಲಬಹುದು, ಕೂಡಲೇ ಡಯಾಲಿಸಿಸ್ ಆಗಬೇಕು. ಆಮೇಲೆ ಅವರನ್ನೇ ಕೇಳಿದರು: ಮೂತ್ರದ ಬಣ್ಣ ಯಾವಾಗ ಬದಲಾಯಿತು?

ಅವರು ನನ್ನತ್ತ ನೋಡಲಿಲ್ಲ. ಗೋಡೆ ನೋಡುತ್ತ ಹೇಳಿದರು, ಮೂರನೇ ದಿನ.

ನನಗೆ ಅಳು ಬರಲಿಲ್ಲ. ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಮೂಗಿನಲ್ಲಿ ನಳಿಕೆ ಇದ್ದ ಮನುಷ್ಯನಿಗೆ ಹೇಗೆ ಹೊಡೆಯುವುದು?

"ಯಾಕ ಹೇಳಲಿಲ್ಲ?"

"ಭಾಳ ದಿನ ಬಂದ್ ಇದ್ದ ಪಂಪ್ ಚಾಲೂ ಮಾಡಿದ್ರ ಮೊದಲು ತುಕ್ಕಿನ ನೀರು ಬರತದ ನೋಡು. ಹಂಗs ಓಡಿಸಿದ್ರ ತಿಳಿ ಆಗತದ. ಇದೂ ಹಂಗs ಆಗತದ ಅಂದಕೊಂಡೆ, ಸುಮಾ. ನೀರು ಕುಡದು ಓಡಿದೆ." ಮತ್ತೆ ಗೋಡೆಯತ್ತ ತಿರುಗಿದರು. "ಹೇಳಿದ್ರ ನಿಂದೂ ನಿಲ್ಲತಿತ್ತು."

ಇದೇ ಮಾತು. ಇಡೀ ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಇದೇ ಮಾತನ್ನು. ಅವರು ನನ್ನ ಮೇಲಿನ ಪ್ರೀತಿಗೆ ಸುಮ್ಮನಿದ್ದರು ಎಂದು ಕಂಡವರೆಲ್ಲ ಹೇಳಿದರು. ಗೆಳತಿಯೊಬ್ಬಳಂತೂ ಕಣ್ಣೀರು ಹಾಕಿದಳು. ಅಂಥ ಪ್ರೀತಿ ನನಗೆ ಬೇಡವಾಗಿತ್ತು. ನನಗೆ ಬೇಕಿದ್ದದ್ದು ಅವರ ಎರಡು ಕಿಡ್ನಿ. ಒಂದು ಮಾತು ಕೇಳಿದ್ದರೆ ಆ ಮೆಡಲನ್ನು ಅದೇ ಕಣಿವೆಗೆ ಎಸೆದು ಬರುತ್ತಿದ್ದೆ. ಆದರೆ ಕೇಳಲಿಲ್ಲ. ನನಗೇನು ಬೇಕು ಎಂಬುದನ್ನು ಅವರೇ ನಿರ್ಧರಿಸಿದರು.

ದೊಡ್ಡ ಊರಿನ ದೊಡ್ಡ ಆಸ್ಪತ್ರೆ. ಐಸಿಯು. ಆಮೇಲೆ ಹುಬ್ಬಳ್ಳಿ. ವ್ಹೀಲ್‌ಚೇರಿನಲ್ಲಿ ಮನೆಗೆ ಬಂದಾಗ ಅತ್ತೆಯವರು ಏನಾದರೂ ಅನ್ನುತ್ತಾರೆ ಎಂದು ನಾನು ಹೆದರಿದ್ದೆ. ಸೊಸೆಯ ಹುಚ್ಚಿನಿಂದ ಮಗ ಹೀಗಾದ ಎಂದರೆ ಅದು ಸುಳ್ಳಾಗುತ್ತಿರಲಿಲ್ಲ. ಅವರು ಮಗನ ಕಾಲು ನೋಡಿದರು. ಬೆಟ್ಟ ಹತ್ತಿದ ಕಾಲು ಒಣಗಿದ ಕಟ್ಟಿಗೆಯ ಹಾಗಾಗಿತ್ತು. ಹಣೆಗೆ ವಿಭೂತಿ ಹಚ್ಚಿದರು. ನನ್ನತ್ತ ತಿರುಗಿ, "ಊಟಕ್ಕ ಏನೇನು ಬ್ಯಾಡಂದಾರ, ಹೇಳವಾ," ಎಂದರು. ಆಗ ನನಗೆ ಅಳು ಬಂತು. ಅಡುಗೆಮನೆಯಲ್ಲಿ ನಿಂತು, ಅಷ್ಟು ದಿನದ್ದೂ ಸೇರಿಸಿ ಅತ್ತುಬಿಟ್ಟೆ.

ಬೇಡ ಅಂದದ್ದು ಬಹಳ ಇತ್ತು. ಪೊಟ್ಯಾಶಿಯಂ ಏರುತ್ತದೆಂದು ಬಾಳೆಹಣ್ಣು ಬೇಡ, ಟೊಮೆಟೊ ಬೇಡ, ಎಳನೀರು ಬೇಡವೇ ಬೇಡ. ಕಾಯಿಪಲ್ಲೆಯನ್ನು ಕುದಿಸಿ, ನೀರು ಚೆಲ್ಲಿ, ಆಮೇಲೆ ಒಗ್ಗರಣೆ. ಸಾರಿನ ರುಚಿಗೆ ಹೆಸರಾದ ನಮ್ಮತ್ತೆ ಸಪ್ಪೆ ಪಲ್ಯವನ್ನು ಮಗನಿಗೆ ಬಡಿಸಿ ತಾವೂ ಅದನ್ನೇ ಉಂಡರು. ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಕುಡಿದದ್ದು ಹೊರಹೋಗದೆ ಮೈಯಲ್ಲೇ ನಿಲ್ಲುವುದರಿಂದ, ದಿನಕ್ಕೆ ಇಷ್ಟೇ ಎಂದು ಒಂದು ಬಾಟಲಿಯಲ್ಲಿ ಅಳೆದಿಡುತ್ತಿದ್ದೆ. ಚಹಾ ಕುಡಿದರೆ ಅದರಲ್ಲೇ ಕಳೆಯಬೇಕು. ಏಪ್ರಿಲ್ ಬಿಸಿಲಿನಲ್ಲಿ ಐಸಿನ ಚೂರನ್ನು ಬಾಯಲ್ಲಿ ಹಿಡಿದು ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. "ಊರಿಗೆಲ್ಲ ನೀರಿನ ಪಂಪ್ ಮಾರಿದಾಂವ ನಾನು," ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಕಿಡ್ನಿಗಳು ತಾವಾಗಿಯೇ ಎಚ್ಚರಗೊಳ್ಳಬಹುದು, ಡಯಾಲಿಸಿಸ್ ಮಾಡಿಸುತ್ತ ಮೂರು ತಿಂಗಳು ಕಾಯೋಣ ಎಂದಿದ್ದರು ಹುಬ್ಬಳ್ಳಿಯ ಕಿಡ್ನಿ ಡಾಕ್ಟರು. ಕಾದೆವು. ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಮಾತು ಮೂತ್ರದ್ದೇ ಆಯಿತು. ಬಂತೇ? ಎಷ್ಟು ಬಂತು? ಯಾವ ಬಣ್ಣ? ನಾಚಿಕೆ ಎನ್ನುವುದು ಯಾವಾಗ ಹೋಯಿತೋ ತಿಳಿಯಲಿಲ್ಲ. ಬಾತ್‌ರೂಮಿನ ಬಾಗಿಲಾಚೆ ನಾನು ನಿಂತಿರುತ್ತಿದ್ದೆ, ನನ್ನ ಹಿಂದೆ ಅತ್ತೆ. ಒಳಗಿನಿಂದ ಗಂಡ ಹೇಳಿದ್ದನ್ನು ನಂಬುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಒಳಗೆ ಹೋಗಿ ನಾನೇ ನೋಡುತ್ತಿದ್ದೆ. ಗಂಡನ ಮಾತನ್ನು ಹೀಗೆ ಪರೀಕ್ಷೆ ಮಾಡಿ ನೋಡುವುದು ಎಂಥ ಬಾಳು ಎಂದು ಅಲ್ಲೇ ನಿಂತು ಅನಿಸುತ್ತಿತ್ತು. ಸ್ವಲ್ಪ ಬಂತು. ಸಾಕಾಗುವಷ್ಟು ಬರಲಿಲ್ಲ.

ಮೂರು ತಿಂಗಳಾದ ಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡ್ರಿ ಮೇಡಂ, ಬಿಪಿ ಮೊದಲಿಂದನೂ ಇದ್ದಂಗ ಕಾಣಸ್ತದ. ಯಾರೂ ಚೆಕ್ ಮಾಡಿಲ್ಲ, ಒಳಗ ಒಳಗ ಕಿಡ್ನಿ ತಿಂದದ. ಉಳದದ್ದು ಈ ಓಟದಾಗ ಹೋತು. ಇನ್ನ ವಾಪಸ್ ಬರೂದಿಲ್ರಿ."

ಇನ್ನು ವಾಪಸು ಬರುವುದಿಲ್ಲ.

ಹೊರಗೆ, ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿಗೆ ಕಾಯುತ್ತ ನಿಂತೆವು. ಎರಡು ಬಸ್ಸು ಬಿಟ್ಟೆವು. ಏರುವುದೇ ಮರೆತಿತ್ತು.

ಕಾಯಂ ಆಗಿ ಸೂಜಿ ಚುಚ್ಚಲೆಂದು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದರು. ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾನು ಕಾಲೇಜಿನಲ್ಲಿ ಕೇಳಿಕೊಂಡು ರಜೆ ಹೊಂದಿಸಿದೆ. ಅಂಗಡಿಯನ್ನು ಅವರ ತಮ್ಮ ನೋಡಿಕೊಂಡರು. ಓಟದ ಗೆಳೆಯರು ಮೊದಮೊದಲು ಬಂದರು, ಆಮೇಲೆ ಫೋನು ಮಾಡಿದರು. ಅವರನ್ನು ನಾನು ದೂರುವುದಿಲ್ಲ. ಒಂದು ಮುಂಜಾನೆ ನಾನೂ ಬೂಟು ಕಟ್ಟಿ ಕ್ಯಾಂಪಸ್ಸಿಗೆ ಹೋದೆ. ಹಿಂದೆ ಹೆಜ್ಜೆ ಸಪ್ಪಳವಿರಲಿಲ್ಲ. ಗೇಟಿನಿಂದಲೇ ತಿರುಗಿ ಬಂದೆ.

ನನ್ನದೂ ಅವರದೂ ಒಂದೇ ಬ್ಲಡ್ ಗ್ರೂಪ್. ಟೆಸ್ಟ್‌ಗಳು ಸರಿಬಂದರೆ ಹೆಂಡತಿಯೂ ಕಿಡ್ನಿ ಕೊಡಬಹುದು ಎಂದರು ಡಾಕ್ಟರು. ನಾನು ಆವತ್ತೇ ಹೂಂ ಅಂದೆ. ಅವರು ಊಹೂಂ ಅಂದರು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಜಗಳವಾಡಿದೆವು.

"ನಿನ್ನ ಕಿಡ್ನಿ ನನಗ ಬ್ಯಾಡ. ನೀ ಮತ್ತ ಗುಡ್ಡಕ್ಕ ಹೋಗಬೇಕು. ಒಂದs ಕಿಡ್ನಿ ಮ್ಯಾಲ ಹೋಗಿ ನಿನಗೇನರ ಆದ್ರ?"

"ನಾ ಗುಡ್ಡ ಕೇಳೀನೇನು ನಿಮ್ಮನ್ನ? ಆವತ್ತೂ ನನ್ನ ಒಂದು ಮಾತು ಕೇಳಲಿಲ್ಲ, ಇವತ್ತೂ ಕೇಳವಲ್ರಿ. ನನ್ನ ಆಸೆ ಏನಂತ ನೀವs ಹೇಳೂದು, ನೀವs ನಡಸೂದು. ಮತ್ತ ನಾ ಯಾಕ ಬೇಕು ಜೋಡಿಗೆ?"

ಅವರು ಬಾಗಿಲು ತೆರೆದು ಹೊರಗೆ ಹೋದರು. ಮುಂದೆ ಬಹಳ ದಿನ ಆ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದರು. ನನಗೆ ಹೆಚ್ಚು ಭಯವಾದದ್ದು ಕಿಡ್ನಿಯ ವಿಷಯಕ್ಕಲ್ಲ. ಇವರು ಇನ್ನೂ ಅದೇ ಮನುಷ್ಯ ಎಂಬುದಕ್ಕೆ. ನೋವಾದರೆ ನಗುತ್ತಾರೆ, ಉಸಿರು ಕಟ್ಟಿದರೆ ಸೆಕೆ ಎನ್ನುತ್ತಾರೆ. ಇಂಥವರನ್ನು ನಾನು ಹೇಗೆ ಕಾಯಲಿ? ಏನಾದರೂ ಆದರೆ ಈ ಸಲವೂ ನನಗೆ ಕೊನೆಗೇ ಗೊತ್ತಾಗುವುದು.

ಹೋದ ತಿಂಗಳು, ಒಂದು ಗುರುವಾರ ಮಧ್ಯಾಹ್ನ. ಡಯಾಲಿಸಿಸ್ ಮುಗಿಯುತ್ತ ಬಂದಿತ್ತು. ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು ಏನೋ ಓದುತ್ತಿದ್ದೆ. ಹಾಸಿಗೆಯ ಆ ತುದಿಯಲ್ಲಿ ಅವರ ಕಾಲ ಬೆರಳುಗಳು ಚಾದರದೊಳಗೆ ಮುದುಡಿದ್ದು ಕಂಡಿತು. ಸ್ನಾಯು ಹಿಡಿದಿದೆ ಎಂದು ಗೊತ್ತಾಯಿತು. ಮುಖ ನೋಡಿದೆ. ಬೆವರು.

"ಏನಾಗಾಕತ್ತದ?"

"ಏನಿಲ್ಲ."

ನಾನು ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದೆ. ಬೇಕೆಂದೇ ಬಗ್ಗಿಸಿದೆ. ಕೇಳಿ ಕೇಳಿ ಸೋತಿದ್ದೆ. ಸಾಲುಗಳು ಕಾಣುತ್ತಿರಲಿಲ್ಲ.

"ಸುಮಾ."

ತಲೆಯೆತ್ತಿದೆ. ಅವರ ಕಣ್ಣುಗಳು ತುಂಬಿದ್ದವು. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ.

"ಆಗವಲ್ದು. ಕಾಲು ಹಿಡದಾವು, ಎದಿ ಡವಡವ ಅನ್ನಾಕತ್ತದ. ನನಗ ಅಂಜಿಕಿ ಬಂದದ. ನಿಲ್ಲಸು ಅಂತ ಹೇಳು ಅವರಿಗೆ."

ನನಗೆ ಸಂತೋಷವಾಯಿತು ಎಂದರೆ ತಪ್ಪು ತಿಳಿಯಬೇಡಿ. ಗಂಡ ನೋವಿನಿಂದ ಒದ್ದಾಡುವಾಗ ಯಾವ ಹೆಂಡತಿಗೆ ಸಂತೋಷವಾದೀತು? ಆದರೂ ಎದೆಯೊಳಗೆ ಕಟ್ಟಿದ್ದೇನೋ ಸಡಿಲವಾಯಿತು. ಸಿಸ್ಟರ್ ಎಂದು ಕೂಗಿದೆ. ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಒತ್ತಿದೆ. ಸಿಸ್ಟರ್ ಓಡಿ ಬಂದು ಮಶೀನಿನ ವೇಗ ತಗ್ಗಿಸಿದರು, ಬಿಪಿ ನೋಡಿದರು, ಸಲೈನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಕಾಲು ಮೆತ್ತಗಾಯಿತು.

"ಸರ್, ಇನ್ನ ಸ್ವಲ್ಪs ಉಳದದ್ರಿ. ತಡಕೋತೀರೇನ್ರಿ?"

ಅವರು ಮುಖ ತಿರುಗಿಸಿ ನನ್ನನ್ನು ನೋಡಿದರು. "ನೀ ಏನಂತಿ?"

"ನಿಮಗ ಹೆಂಗ ಅನಸ್ತದ ಅದನ್ನ ಹೇಳ್ರಿ."

"ಇಲ್ಲ. ಆಗೂದಿಲ್ಲ."

ಸಿಸ್ಟರ್ ಡಾಕ್ಟರಿಗೆ ಫೋನು ಮಾಡಿದರು. ಇವತ್ತಿಗೆ ಸಾಕು, ಉಳಿದದ್ದು ಮುಂದಿನ ಸಲ ನೋಡೋಣ ಎಂದರಂತೆ. ಸೂಜಿ ತೆಗೆದ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿದುಕೊಂಡು ನಾನು ನಿಂತಿದ್ದೆ. ಅವರು ಆ ಕೈಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ನಿನ್ನ ಟೆಸ್ಟ್ ಮಾಡಸೂಣು. ಏನು ಬರತದೋ ಬರಲಿ."

ಟೆಸ್ಟ್‌ಗಳು ನಡೆದಿವೆ. ಹೊಂದುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ. ಹೊಂದದಿದ್ದರೆ ವಾರಕ್ಕೆ ಮೂರು ಸಲದ ಈ ಬಾಳೇ ಗಟ್ಟಿ, ಅದಕ್ಕೂ ಮನಸ್ಸು ಮಾಡಿಕೊಂಡಿದ್ದೇವೆ. ಹೋದ ಕಿಡ್ನಿ ಹೋಯಿತು. ಆ ಗುರುವಾರದ ಮಧ್ಯಾಹ್ನಕ್ಕೆ ಮಾತ್ರ ನಾನು ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಎಲ್ಲರಿಗೂ ಮುಗಿಯುತ್ತೇನೆ. ಮಶೀನಿನಲ್ಲಿ ಇನ್ನೂ ಸಮಯ ಬಾಕಿ ತೋರಿಸುತ್ತಿತ್ತು. ಅವರು ನನ್ನ ಹೆಗಲು ಹಿಡಿದು ಹಾಸಿಗೆಯಿಂದ ಇಳಿದರು. ಅದನ್ನು ಪೂರ್ತಿ ಮಾಡದೇ, ಇಬ್ಬರೂ ಮನೆಗೆ ಹೊರಟೆವು.