ಶರಣಪ್ಪನಿಗೆ ಹೇಳಿಕೊಟ್ಟ ದೊಡ್ಡ ದನಿ

ಶರಣಪ್ಪ, ಪುಣೆಯ ಸಿನಿಮಾದವರು ನಿನ್ನನ್ನು ಬೇಡವೆಂದದ್ದು ನಿನ್ನ ತಪ್ಪಿನಿಂದಲ್ಲ — ನನ್ನಿಂದ. ಅಲ್ಲಿ ಹೇಗೆ ನಟಿಸಬೇಕೆಂದು ನೀನು ಕೇಳಿದಾಗ, ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಹೇಳಿಕೊಟ್ಟೆ.

ನಮ್ಮ ನಾಟಕ ಕಂಪನಿ ಆಗ ಆಳಂದದಲ್ಲಿ ಬಿಡಾರ ಹೂಡಿತ್ತು. ನಾನು ರಾಜನ ಪಾತ್ರದವನು. ನನ್ನ ದನಿ ತಗಡಿನ ಥಿಯೇಟರಿನ ಹೊರಗೆ ನಿಂತ ಟಾಂಗಾದವನಿಗೂ ಕೇಳುತ್ತಿತ್ತು. ಆ ಸೊಕ್ಕೂ ಇತ್ತು. ನೀನು ಕೊಳಕೂರಿನಿಂದ ಬಂದು ನಮ್ಮನ್ನು ಸೇರಿದವನು, ಮೆಲುದನಿಯವನು. ತಮ್ಮನನ್ನು ಕಳೆದುಕೊಂಡ ಅಣ್ಣನ ಮಾತು ನೀನು ಆಡುವಾಗ ಹಿಂದಿನ ಸಾಲಿನವರು "ಕೇಳವಲ್ದೋ!" ಎಂದು ಕೂಗುತ್ತಿದ್ದರು. ನಾನು ಪರದೆಯ ಮರೆಯಲ್ಲಿ ನಿಂತು ನಗುತ್ತಿದ್ದೆ.

ಒಂದು ದಿನ ಮೊದಲ ಸಾಲಿನಲ್ಲಿ, ಪುಣೆಯಲ್ಲಿ ಕನ್ನಡ ಟಾಕಿ ಸಿನಿಮಾ ತೆಗೆಯಲು ಹೊರಟಿದ್ದ ಸಾಹೇಬರೊಬ್ಬರು ಕೂತಿದ್ದರು. ನನ್ನ ಅಬ್ಬರಕ್ಕೆ ಆಕಳಿಸಿ ಮೈಮುರಿದವರು ನಿನ್ನ ಮಾತಿಗೆ ಕಣ್ಣೊರೆಸಿಕೊಂಡರು. ಪುಣೆಗೆ ನಟನೆಯ ಪರೀಕ್ಷೆಗೆ ಕರೆದದ್ದೂ ನಿನ್ನನ್ನೇ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಿನ್ನೆ ಮೊನ್ನೆ ಬಂದವನು — ನನ್ನನ್ನು ಬಿಟ್ಟು —

ಯಾರಿಗೂ ಹೇಳದ ಮಾತೊಂದಿದೆ. ಅದಕ್ಕೂ ಮೊದಲೇ ನಾನು ಕೊಲ್ಹಾಪುರಕ್ಕೆ ಹೋಗಿ ಕ್ಯಾಮರಾದ ಮುಂದೆ ನಿಂತು ಬಂದಿದ್ದೆ. ಬಾಯಿ ತೆಗೆದಕೂಡಲೇ ಅಲ್ಲಿನವರು ಕಿವಿ ಮುಚ್ಚಿಕೊಂಡರು. ಹುಬ್ಬು ಅಲುಗಿದರೂ ಕ್ಯಾಮರಾ ಹಿಡಿಯುತ್ತದೆ, ಮನೆಯಲ್ಲಿ ಮಾತಾಡುವಷ್ಟೇ ದನಿ ಸಾಕು ಎಂದು ತಿಳಿಹೇಳಿದರು. ನನ್ನ ಕೈಲಾಗಲಿಲ್ಲ. ಕಂಪನಿಗೆ ಮರಳಿ, ಸಿನಿಮಾ ನನಗೇ ಹಿಡಿಸಲಿಲ್ಲ ಎಂದು ಜಂಬ ಕೊಚ್ಚಿದೆ.

ಅದನ್ನು ನಂಬಿಯೇ ನೀನು ನನ್ನ ಹತ್ತಿರ ಬಂದೆ.

"ಅಣ್ಣಾರ, ಅಲ್ಲಿ ಹ್ಯಾಂಗ ಮಾಡ್ಲಿರಿ?"

ಇದ್ದ ಹಾಗೇ ಇರು ಎಂದಿದ್ದರೆ ಸಾಕಿತ್ತು. ನಾನಂದೆ — "ನಿನ್ನ ದನಿ ಅಲ್ಲಿ ನಡ್ಯಂಗಿಲ್ಲಲೇ. ಇಲ್ಲಿಗಿಂತ ಜೋರ ಒದರು. ಕೈ ಬೀಸು, ಕಣ್ಣ ದೊಡ್ಡು ಮಾಡು."

ನೀನು ಹೊರಡುವವರೆಗೂ ದಿನಾ ಊರ ಹೊರಗಿನ ಹೊಲದಲ್ಲಿ ನಿಲ್ಲಿಸಿ ಕೂಗಿಸಿದೆ. ನಿನ್ನ ಗಂಟಲು ಒಡೆಯಿತು. ಹೇಳಲು ನಾಚಿಕೆಯಾಗುತ್ತದೆ — ನನಗೆ ಖುಷಿಯಾಯಿತು.

ನೀನು ಮರಳಿದಾಗ ಕಂಪನಿ ಅಫಜಲಪುರದಲ್ಲಿತ್ತು. ಜಗಳ ತೆಗೆಯುತ್ತೀಯೆಂದು ಕಾದಿದ್ದೆ. ನೀನು ತಲೆ ತಗ್ಗಿಸಿ, "ನೀವು ಹೇಳ್ದಂಗೇ ಒದರಿನ್ರಿ ಅಣ್ಣಾರ. ನನ್ನ ದನೀನೇ ಸಾಲಲಿಲ್ಲ ಕಾಣಸ್ತದ" ಎಂದೆ. ನೀನು ಬಣ್ಣ ಹಚ್ಚುವುದನ್ನೇ ಬಿಟ್ಟು ಊರಿಗೆ ಹೊರಟುಹೋದೆ. ನಾನು ತಡೆಯಲಿಲ್ಲ. ನಿನ್ನ ಪಾತ್ರವನ್ನೂ ನಾನೇ ಮಾಡತೊಡಗಿದೆ. ಎಲ್ಲರಿಗೂ ಕೇಳಿಸಿತು, ಯಾರೂ ಅಳಲಿಲ್ಲ.

ನೀನೀಗ ನಾಟಕ ನೋಡಲೂ ಹೋಗುವುದಿಲ್ಲವಂತೆ. ನಟನೆ ತನಗೆ ಬರುತ್ತಿರಲಿಲ್ಲ ಎಂದು ಮಕ್ಕಳಿಗೆ ಹೇಳುತ್ತೀಯಂತೆ. ಬರುತ್ತಿತ್ತು, ಶರಣಪ್ಪ. ನನಗಿಂತ ಚೆನ್ನಾಗಿ ಬರುತ್ತಿತ್ತು. ಅದು ಗೊತ್ತಿದ್ದದ್ದರಿಂದಲೇ ನಾನು —

ಜೇವರ್ಗಿಗೆ ಬಂದು, ಅಲ್ಲಿಂದ ಕೊಳಕೂರಿನ ನಿನ್ನ ಮನೆಗೆ ಬರುತ್ತಿದ್ದೇನೆ. ಕ್ಷಮಿಸು ಎನ್ನುವುದಿಲ್ಲ. ನಿನ್ನ ಮಕ್ಕಳನ್ನು ಕೂರಿಸಿಕೊಂಡು, ಅವರ ಅಪ್ಪನಿಂದ ನಾನು ಕಸಿದುಕೊಂಡದ್ದು ಏನೆಂದು ಹೇಳುತ್ತೇನೆ.